ಸವಲತ್ತು ಮತ್ತು ಹಕ್ಕು: ಮಲೆನಾಡಿನ ಊರುಗಳೂ ಸರ್ಕಾರದ ಇಲಾಖೆಗಳೂ

(ಮಲೆನಾಡಿನ ಕೃಷಿಕರು ಮತ್ತು ವಿದ್ಯಾರ್ಥಿಗಳ ಸಭೆಯಲ್ಲಿ ಮಂಡಿಸಿದ ಉಪನ್ಯಾಸದ ಲಿಖಿತ ರೂಪ)



ಮಲೆನಾಡಿನ ಒಂದು ಮನೆಯು ಒಂದು ವರ್ಷದಲ್ಲಿ ಸರ್ಕಾರವನ್ನು ಎಷ್ಟು ರೂಪಗಳಲ್ಲಿ ಕಾಣುತ್ತದೆ ಎಂಬುದನ್ನು ಮೊದಲು ನೆನಪಿಗೆ ತಂದುಕೊಳ್ಳಬೇಕು. ಸೊಪ್ಪಿನ ಹೊರೆ ಹೊತ್ತು ಬರುವಾಗ ದಾರಿಯಲ್ಲಿ ಎದುರಾಗುವ ಅರಣ್ಯ ರಕ್ಷಕ ಒಂದು ರೂಪ. ಪಹಣಿ ಕೊಡುವ ಕಚೇರಿಯ ಕಿಟಕಿ ಮತ್ತೊಂದು. ಪಡಿತರ ಅಂಗಡಿಯಲ್ಲಿ ಬೆರಳು ಒತ್ತಿಸಿಕೊಳ್ಳುವ ಯಂತ್ರ, ಮಳೆಗಾಲದಲ್ಲಿ ವಾರಗಟ್ಟಲೆ ಬಾರದ ವಿದ್ಯುತ್ತು, ಹೊಳೆ ದಾಟಿ ಬಾಣಂತಿಯನ್ನು ನೋಡಲು ಬರುವ ಆಶಾ ಕಾರ್ಯಕರ್ತೆ, ರೈತ ಸಂಪರ್ಕ ಕೇಂದ್ರದ ಬೀಜದ ಚೀಲ, ಎರಡು ತರಗತಿಗಳಿಗೆ ಒಬ್ಬರೇ ಶಿಕ್ಷಕರಿರುವ ಶಾಲೆ, ಇವೆಲ್ಲವೂ ಸರ್ಕಾರವೇ. ರಾಜಧಾನಿಯಲ್ಲಿ ನೀತಿಯೆಂದು ಕರೆಯಲ್ಪಡುವುದು ಊರಿಗೆ ತಲುಪುವಾಗ ನೀತಿಯಾಗಿ ತಲುಪುವುದಿಲ್ಲ. ಅದು ಒಬ್ಬ ಮನುಷ್ಯನಾಗಿ, ಒಂದು ಅರ್ಜಿಯಾಗಿ, ಒಂದು ರಸೀದಿಯಾಗಿ, ಕೆಲವೊಮ್ಮೆ ಒಂದು ಮೊಕದ್ದಮೆಯಾಗಿ ತಲುಪುತ್ತದೆ. ಊರು ಮತ್ತು ಪ್ರಭುತ್ವಗಳ ನಡುವಿನ ಸಂಬಂಧವು ಹುಟ್ಟುವುದು, ಕೆಡುವುದು, ಸುಧಾರಿಸುವುದು ಈ ಬಾಗಿಲುಗಳಲ್ಲಿಯೇ.

ಪ್ರತಿಯೊಂದು ಕಾನೂನು ತನ್ನ ಮುಂದೆ ನಿಲ್ಲುವ ಮನುಷ್ಯನ ಬಗ್ಗೆ ಒಂದು ಊಹೆಯನ್ನು ಇಟ್ಟುಕೊಂಡಿರುತ್ತದೆ. ಆತನು ಕಳ್ಳನೇ, ಕೂಲಿಯೇ, ಫಲಾನುಭವಿಯೇ ಅಥವಾ ಪಾಲುದಾರನೇ? ಬಹುಕಾಲ ಒಂದೇ ಊಹೆಯಿಂದ ನಡೆಸಿಕೊಂಡರೆ ಜನರು ಕ್ರಮೇಣ ಆ ಊಹೆಗೆ ತಕ್ಕಂತೆಯೇ ವರ್ತಿಸತೊಡಗುತ್ತಾರೆ. ಮಲೆನಾಡಿನ ಕಾಡಿನ ಒಂದೂವರೆ ಶತಮಾನದ ಕಥೆಯು ಬಹುಮಟ್ಟಿಗೆ ಇದೇ ಆಗಿದೆ.

ದೇವರ ಕಾಡು, ಸರ್ಕಾರದ ಕಾಡು

1800–01ರಲ್ಲಿ ಮೈಸೂರು, ಕೆನರಾ ಮತ್ತು ಮಲಬಾರ್ ಪ್ರಾಂತಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್ ಕರಾವಳಿ ಕೆನರಾದ ಕಾಡುಗಳ ಬಗ್ಗೆ ಒಂದು ಕುತೂಹಲಕರ ಸಂಗತಿಯನ್ನು ದಾಖಲಿಸಿದ್ದಾನೆ. ಅಲ್ಲಿನ ಜನರು ಕಾಡನ್ನು ಊರ ದೇವರ ಸೊತ್ತೆಂದು ಹೇಳುತ್ತಿದ್ದರು. ಮರ ಕಡಿಯಬೇಕಾದರೆ ಊರ ಗೌಡನ ಅನುಮತಿ ಬೇಕಾಗಿತ್ತು. ಅದಕ್ಕೆ ಹಣ ಕೊಡಬೇಕಾಗಿರಲಿಲ್ಲ. ಬುಕನನ್ ಇದನ್ನು ಕಂಪನಿ ಸರ್ಕಾರದ ಒಡೆತನವನ್ನು ತಪ್ಪಿಸುವ ಉಪಾಯವೆಂದು ಶಂಕಿಸಿದನು. ಆತನ ಶಂಕೆಯೇ ಮುಂದಿನ ನೀತಿಯ ಬೀಜವಾಯಿತು. ಊರಿನ ನಿಯಮವು ನಿಯಮವೇ ಅಲ್ಲ, ಒಡೆಯನಿಲ್ಲದ ಕಾಡಿಗೆ ಸರ್ಕಾರವೇ ಒಡೆಯ ಎಂಬ ತರ್ಕವು ಅಲ್ಲಿಂದ ಬೆಳೆಯಿತು.

ಆದರೆ ಊರಿನ ನಿಯಮಗಳು ನಿಜವಾಗಿಯೂ ಇದ್ದವು. ಸೊರಬ, ಶಿರಸಿ, ಸಿದ್ದಾಪುರ ಭಾಗಗಳ ಕಾನುಗಳು ಅದಕ್ಕೆ ಸಾಕ್ಷಿ. ಕಾನು ಎಂದರೆ ಬರಿಯ ದೇವರ ಬನವಲ್ಲ. ಕಾಳುಮೆಣಸು, ಬೈನೆ, ದಾಲ್ಚಿನ್ನಿ, ಜೇನು ದೊರೆಯುವ, ಕೆಳಗಿನ ಗದ್ದೆಗೆ ವರ್ಷವಿಡೀ ನೀರು ಒಸರುವ ನಿತ್ಯಹರಿದ್ವರ್ಣದ ತುಂಡು ಅದು. 1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು ಸೊರಬ ತಾಲ್ಲೂಕೊಂದರಲ್ಲಿಯೇ 171 ಕಾನುಗಳನ್ನು ಗುರುತಿಸಿದ್ದರು. ಇಷ್ಟೊಂದು ಕಾನುಗಳು ಜನವಸತಿಯ ನಡುವೆ ಉಳಿದುಬಂದದ್ದು ಕಾವಲುಗಾರರಿಂದಲ್ಲ, ಊರಿನ ಕಟ್ಟುಪಾಡಿನಿಂದ.

ಉತ್ತರ ಕನ್ನಡವು 1862ರಲ್ಲಿ ಮದರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. 1864ರಲ್ಲಿ ಅರಣ್ಯ ಇಲಾಖೆ ಸ್ಥಾಪನೆಯಾಯಿತು. 1878ರ ಅರಣ್ಯ ಕಾಯಿದೆಯು ಕಾಡನ್ನು ಕಾಯ್ದಿಟ್ಟ ಅರಣ್ಯ, ರಕ್ಷಿತ ಅರಣ್ಯ ಎಂದು ವಿಂಗಡಿಸಿತು. ಗುಡ್ಡಗಳಲ್ಲಿ ಕುಮರಿ ಬೇಸಾಯ ಮಾಡುತ್ತಿದ್ದ ಸಮುದಾಯಗಳು ಇದೇ ಅವಧಿಯಲ್ಲಿ ತಮ್ಮ ಬದುಕಿನ ಆಧಾರವನ್ನು ಕಳೆದುಕೊಂಡವು. ಹಡಗಿಗೆ, ರೈಲು ಹಳಿಗೆ ಮರ ಬೇಕಾಗಿತ್ತು, ತೇಗ ಬೆಳೆಯಬೇಕಾಗಿತ್ತು. ಊರಿನವರು ನಿನ್ನೆಯವರೆಗೆ ಮಾಡುತ್ತಿದ್ದ ಕೆಲಸವು ಒಂದು ಅಧಿಸೂಚನೆಯಿಂದ ಅಪರಾಧವಾಯಿತು.

ಬೆಟ್ಟದ ಸೊಪ್ಪು ಮತ್ತು ಒಂದು ಪದದ ಪ್ರಶ್ನೆ

ಅಡಿಕೆ ತೋಟದವರು ಸುಮ್ಮನಿರಲಿಲ್ಲ. ಸೊಪ್ಪಿಲ್ಲದೆ ತೋಟವಿಲ್ಲ ಎಂಬುದನ್ನು ಅವರು ಸರ್ಕಾರಕ್ಕೆ ಮನವರಿಕೆ ಮಾಡಿಕೊಟ್ಟರು. ಇದರ ಹಿಂದಿನ ಕೃಷಿ ವಿಜ್ಞಾನವನ್ನು ವಿದ್ಯಾರ್ಥಿಗಳು ಅರಿಯಬೇಕು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಜಂಬಿಟ್ಟಿಗೆಯ ನೆಲದಲ್ಲಿ ಪೊಟ್ಯಾಷ್, ಸುಣ್ಣ ಮೊದಲಾದವು ನೀರಿನೊಂದಿಗೆ ಬಸಿದುಹೋಗುತ್ತವೆ. ಮಣ್ಣು ಹುಳಿಯಾಗುತ್ತದೆ. ಆಳಕ್ಕೆ ಬೇರಿಳಿಸಿದ ಕಾಡುಮರವು ಬಸಿದುಹೋದ ಪೋಷಕಾಂಶದ ಒಂದಂಶವನ್ನು ಮತ್ತೆ ಮೇಲಕ್ಕೆತ್ತಿ ಎಲೆಯಲ್ಲಿ ಕೂಡಿಡುತ್ತದೆ. ಆ ಎಲೆಯು ಕೊಟ್ಟಿಗೆಯಲ್ಲಿ ಸಗಣಿ ಗಂಜಲದೊಡನೆ ಬೆರೆತು ಗೊಬ್ಬರವಾಗಿ ತೋಟಕ್ಕೆ ಬರುತ್ತದೆ. ತೋಟದ ಮೇಲೆ ಹಾಸಿದ ಸೊಪ್ಪು ಮಳೆಹನಿಯ ಹೊಡೆತವನ್ನು ತಡೆಯುತ್ತದೆ, ಬೇಸಗೆಯಲ್ಲಿ ತೇವವನ್ನು ಹಿಡಿಯುತ್ತದೆ. ಆದುದರಿಂದ ಬೆಟ್ಟವು ತೋಟದ ಹೊರಗಿನ ವಸ್ತುವಲ್ಲ, ತೋಟದ ಮೇಲ್ಭಾಗ.

ಸರ್ಕಾರವು ಈ ವಾದವನ್ನು ಒಪ್ಪಿತು. ಉತ್ತರ ಕನ್ನಡದಲ್ಲಿ ಒಂದು ಎಕರೆ ತೋಟಕ್ಕೆ ಗರಿಷ್ಠ ಒಂಬತ್ತು ಎಕರೆಯವರೆಗೆ ಬೆಟ್ಟವನ್ನು ಬಿಟ್ಟುಕೊಡಲಾಯಿತು. ಹಳೆಯ ಮೈಸೂರಿನ ಮಲೆನಾಡಿನಲ್ಲಿ ಇದು ಸೊಪ್ಪಿನಬೆಟ್ಟ, ಕೊಡಗಿನಲ್ಲಿ ಬಾಣೆ, ದಕ್ಷಿಣ ಕನ್ನಡದಲ್ಲಿ ವರ್ಗ ಜಮೀನಿನಿಂದ ನೂರು ಗಜದೊಳಗಿನ ಕುಮ್ಕಿ. ಒಂದೇ ಅಗತ್ಯಕ್ಕೆ ಪ್ರಾಂತಕ್ಕೊಂದು ಹೆಸರು, ಪ್ರಾಂತಕ್ಕೊಂದು ನಿಯಮ.

ಆದರೆ ಉತ್ತರ ಕನ್ನಡದ ಬೆಟ್ಟವನ್ನು ಕೊಟ್ಟದ್ದು ಸವಲತ್ತಾಗಿಯೇ ಹೊರತು ಹಕ್ಕಾಗಿ ಅಲ್ಲ. ಈ ಒಂದು ಪದದ ಅಂತರವು ನೂರು ವರ್ಷಗಳಲ್ಲಿ ಬೆಟ್ಟದ ಮೈಮೇಲೆ ಬರೆಯಲ್ಪಟ್ಟಿದೆ. ಹಕ್ಕನ್ನು ಕೇಳಿ ಪಡೆಯಬಹುದು, ಮಕ್ಕಳಿಗೆ ಬಿಡಬಹುದು, ಅದರ ಮೇಲೆ ದುಡಿಮೆಯನ್ನು ಹೂಡಬಹುದು. ಸವಲತ್ತನ್ನು ಕೊಟ್ಟವರು ಹಿಂತೆಗೆದುಕೊಳ್ಳಬಹುದು. ಮರವು ಸರ್ಕಾರದ್ದು, ಎಲೆ ಮಾತ್ರ ರೈತನದ್ದು ಎಂದಾದಾಗ ರೈತನು ಎಲೆಯನ್ನು ಕೊಯ್ಯುತ್ತಾನೆ. ಮರವನ್ನು ನೆಡುವ ಉತ್ಸಾಹ ತೋರುವುದಿಲ್ಲ. ಹೊರಗಿನವರು ಬಂದು ಕಡಿದರೆ ತಡೆಯುವ ಅಧಿಕಾರ ಅವನಿಗಿಲ್ಲ. ಹೀಗಾಗಿ ತಡೆಯುವ ಹೊಣೆಯೂ ತನ್ನದಲ್ಲವೆಂದು ಸುಮ್ಮನಾಗುತ್ತಾನೆ. ತುದಿಯನ್ನು ಉಳಿಸಿ ಕೊಂಬೆ ಸವರುವ ಹಿರಿಯರ ಪದ್ಧತಿಯು ಹಲವು ಕಡೆ ಮರೆಯಾಗಿ, ಬೆಟ್ಟದಲ್ಲಿ ಬೋಳು ಕಂಬಗಳಂತಹ ಮರಗಳು ನಿಂತಿವೆ.

ಇಲ್ಲಿ ತಪ್ಪೆಲ್ಲವೂ ಇಲಾಖೆಯದೆಂದು ಹೇಳಿ ಕೈತೊಳೆದುಕೊಳ್ಳುವುದು ಪ್ರಾಮಾಣಿಕತೆಯಾಗದು. ಬೆಟ್ಟವು ತೋಟವಿದ್ದವರಿಗೆ ಮಾತ್ರ ದಕ್ಕಿತು. ತೋಟವಿಲ್ಲದ ಕೂಲಿಕಾರ ಕುಟುಂಬ, ಗೇಣಿದಾರ, ಬುಟ್ಟಿ ಹೆಣೆಯುವವರು, ಜೇನು ಕೀಳುವವರು ಇವರಿಗೆ ಬೆಟ್ಟವೂ ಇಲ್ಲ, ಕಾಯ್ದಿಟ್ಟ ಅರಣ್ಯದ ಪ್ರವೇಶವೂ ಇಲ್ಲ. ಒಂದು ಹೊರೆ ಸೌದೆಗಾಗಿ ಅವರು ಎರಡು ಕಡೆಯಿಂದಲೂ ಅಂಜಬೇಕಾಯಿತು. ಸರ್ಕಾರದ ನೀತಿಯು ಸರ್ಕಾರ ಮತ್ತು ಊರಿನ ಸಂಬಂಧವನ್ನು ಮಾತ್ರವಲ್ಲ, ಊರಿನೊಳಗಿನ ಸಂಬಂಧವನ್ನೂ ರೂಪಿಸುತ್ತದೆ ಎಂಬುದಕ್ಕೆ ಇದು ಕಣ್ಣೆದುರಿನ ನಿದರ್ಶನ.

ಅದೇ ಪ್ರಭುತ್ವದ ಇನ್ನೊಂದು ಮುಖ

ಪ್ರಭುತ್ವವು ಯಾವಾಗಲೂ ಕಾವಲುಗಾರನಾಗಿಯೇ ಬಂದಿತೆಂದು ಹೇಳುವಂತಿಲ್ಲ. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿದ ಕೆನಡಾ ದೇಶದ ವಿಜ್ಞಾನಿ ಲೆಸ್ಲಿ ಕೋಲ್‌ಮನ್ ಮಲೆನಾಡಿನ ಅಡಿಕೆಯ ಕೊಳೆರೋಗವನ್ನು ಅಭ್ಯಸಿಸಿದರು. ಅದುವರೆಗೆ ರೈತರು ಅಡಿಕೆಗೊನೆಗೆ ಕೊಟ್ಟೆ ಕಟ್ಟಿ ಮಳೆಯಿಂದ ರಕ್ಷಿಸಿಕೊಳ್ಳುತ್ತಿದ್ದರು. ರೋಗಕ್ಕೆ ಫೈಟಾಫ್ತೊರಾ ಎಂಬ ಶಿಲೀಂಧ್ರ ಕಾರಣವೆಂದು ಗುರುತಿಸಿ, ಮೈಲುತುತ್ತ ಮತ್ತು ಸುಣ್ಣದಿಂದ ತಯಾರಿಸುವ ಬೋರ್ಡೋ ದ್ರಾವಣದ ಸಿಂಪಡಣೆಯನ್ನು ಕೋಲ್‌ಮನ್ ಸೂಚಿಸಿದರು. 1910ರಲ್ಲಿ ಈ ಅಧ್ಯಯನವು ಪ್ರಕಟವಾಯಿತು. ಒಂದು ಶತಮಾನ ಕಳೆದರೂ ಮಳೆಗಾಲದ ಮುನ್ನ ಮಲೆನಾಡಿನ ಪ್ರತಿ ತೋಟದಲ್ಲಿಯೂ ಆ ನೀಲಿ ದ್ರಾವಣದ ಪೀಪಾಯಿ ಕಾಣಿಸುತ್ತದೆ.

ಈ ಸೇವೆಯು ಬೇರೂರಿದ್ದು ಏಕೆ? ಮೊದಲನೆಯದಾಗಿ, ಅದು ರೈತನ ನಿಜವಾದ ಸಂಕಟದಿಂದ ಆರಂಭವಾಯಿತು. ಎರಡನೆಯದಾಗಿ, ರೈತನು ಅದನ್ನು ತನ್ನ ಅಂಗಳದಲ್ಲಿಯೇ ತಯಾರಿಸಿಕೊಳ್ಳಬಹುದಾಗಿತ್ತು. ಮೂರನೆಯದಾಗಿ, ಒಪ್ಪಲು ಅಥವಾ ಬಿಡಲು ಅವನು ಸ್ವತಂತ್ರನಾಗಿದ್ದನು. ಒಂದೇ ಊರಿನ ಒಂದೇ ರೈತನು ಬೆಳಿಗ್ಗೆ ಕೃಷಿ ಇಲಾಖೆಯವರನ್ನು ಮನೆಯೊಳಗೆ ಕರೆದು ಕಾಫಿ ಕೊಡುತ್ತಾನೆ. ಸಂಜೆ ಅರಣ್ಯ ಇಲಾಖೆಯ ಜೀಪಿನ ಸದ್ದು ಕೇಳಿದರೆ ಸೌದೆಯ ಮೇಲೆ ಗೋಣಿ ಹೊದಿಸುತ್ತಾನೆ. ರೈತನ ಸ್ವಭಾವ ಬೆಳಿಗ್ಗೆಯಿಂದ ಸಂಜೆಗೆ ಬದಲಾಗಿಲ್ಲ. ಎದುರಿಗಿರುವ ಕಾನೂನು ಬದಲಾಗಿದೆ.

ಸ್ವಾತಂತ್ರ್ಯದ ನಂತರವೂ ಉಳಿದ ದಾರಿ

1930ರ ದಶಕದ ಆರಂಭದಲ್ಲಿ ಉತ್ತರ ಕನ್ನಡದ ಜನರು ಜಂಗಲ್ ಸತ್ಯಾಗ್ರಹದಲ್ಲಿ ಕಾಡಿನ ಕಾನೂನನ್ನು ಬಹಿರಂಗವಾಗಿ ಮುರಿದರು. ಸಿದ್ದಾಪುರ ಮತ್ತು ಅಂಕೋಲಾ ತಾಲ್ಲೂಕುಗಳ ರೈತರು ಕರನಿರಾಕರಣೆ ಮಾಡಿ ಜಮೀನುಗಳನ್ನು ಕಳೆದುಕೊಂಡರು. ಸ್ವಾತಂತ್ರ್ಯ ಬಂದಿತು, ಆದರೆ 1927ರ ಕಾಯಿದೆಯ ಚೌಕಟ್ಟು ಹೋಗಲಿಲ್ಲ. 1963ರ ಕರ್ನಾಟಕ ಅರಣ್ಯ ಕಾಯಿದೆಯೂ ಬಹುತೇಕ ಅದೇ ಅಚ್ಚಿನಲ್ಲಿ ರೂಪುಗೊಂಡಿತು.

ಬದಲಾದದ್ದು ಗಿರಾಕಿ. ದಾಂಡೇಲಿಯ ಕಾಗದ ಕಾರ್ಖಾನೆಗೆ ಕಾಡಿನ ಬಿದಿರನ್ನು ಟನ್ನಿಗೆ ಒಂದೂವರೆ ರೂಪಾಯಿಯಂತೆ ಕೊಡುವ ಒಪ್ಪಂದವಾಯಿತು. ಮಾರುಕಟ್ಟೆಯಲ್ಲಿ ಅದರ ಬೆಲೆ ನೂರಾರು ಪಟ್ಟು ಹೆಚ್ಚಿತ್ತು. ಬುಟ್ಟಿ ಹೆಣೆಯುವ ಮೇದಾರರು ಬಿದಿರು ಸಿಗುತ್ತಿಲ್ಲವೆಂದು ದೂರಿದಾಗ ಸರ್ಕಾರವು ಅಧ್ಯಯನಕ್ಕೆ ಏರ್ಪಾಡು ಮಾಡಿತು. 1970ರ ದಶಕದ ಮಧ್ಯದಲ್ಲಿ ಆ ಕೆಲಸವನ್ನು ಕೈಗೊಂಡವರು ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್. ಬಿದಿರು ಮೆಳೆಯ ಬುಡದ ಮುಳ್ಳನ್ನು ಸವರಿದರೆ ಬೆಳವಣಿಗೆಗೆ ಅನುಕೂಲವೆಂದು ತಿಳಿದು ಹಾಗೆಯೇ ಸವರಲಾಗುತ್ತಿತ್ತು. ಊರಿನವರು ಮಾತ್ರ ಮುಳ್ಳೇ ಕಳಲೆಯನ್ನು ಕಾಯುತ್ತದೆ ಎನ್ನುತ್ತಿದ್ದರು. ಅಧ್ಯಯನದಲ್ಲಿ ಊರಿನವರ ಮಾತೇ ನಿಜವಾಯಿತು. ಮುಳ್ಳು ತೆಗೆದ ಮೆಳೆಗಳಲ್ಲಿ ಎಳೆಯ ಕಳಲೆಯು ದನ, ಮುಳ್ಳುಹಂದಿ, ಮಂಗಗಳ ಪಾಲಾಗುತ್ತಿತ್ತು. ಕಾಡನ್ನು ಬಲ್ಲವರನ್ನು ಕೇಳದೆ ಕಾಡನ್ನು ನಿರ್ವಹಿಸಲು ಹೊರಟುದರ ಬೆಲೆ ಅದು.

ಉಪ್ಪಾಗೆಯ ಪ್ರಸಂಗವೂ ಇದೇ ಪಾಠವನ್ನು ಹೇಳುತ್ತದೆ. 1990ರ ದಶಕದಲ್ಲಿ ಉಪ್ಪಾಗೆಯ ಸಿಪ್ಪೆಗೆ ತೂಕ ಇಳಿಸುವ ಔಷಧಿಗಾಗಿ ಪರದೇಶಗಳಿಂದ ಬೇಡಿಕೆ ಬಂದಿತು. ಸಂಗ್ರಹದ ಅಧಿಕಾರವನ್ನು ಇಲಾಖೆಯು ಅಲ್ಪಾವಧಿಗೆ ಗುತ್ತಿಗೆದಾರರಿಗೆ ಹರಾಜು ಹಾಕುವ ಪದ್ಧತಿಯಿತ್ತು. ಗುತ್ತಿಗೆದಾರನಿಗೆ ಮುಂದಿನ ವರ್ಷದ ಮರದ ಚಿಂತೆಯಿರಲಿಲ್ಲ. ಸಂಗ್ರಾಹಕನಿಗೆ ತಾನು ಬಿಟ್ಟರೆ ನಾಳೆ ಇನ್ನೊಬ್ಬನು ಕೊಯ್ಯುತ್ತಾನೆಂಬ ಆತಂಕವಿತ್ತು. ಬಲಿಯದ ಕಾಯಿ ಉದುರಿತು, ಕೊಂಬೆಗಳು ಕಡಿಯಲ್ಪಟ್ಟವು, ಮಳೆಗಾಲದಲ್ಲಿ ಸಿಪ್ಪೆ ಒಣಗಿಸಲು ರಾಶಿ ರಾಶಿ ಸೌದೆ ಉರಿಯಿತು. ಇದನ್ನು ಕಂಡು ಹಳ್ಳಿಗರಿಗೆ ದುರಾಸೆಯೆಂದವರುಂಟು. ಆದರೆ ಮರ ನನ್ನದು, ನಾಳೆಯೂ ನನ್ನದು ಎಂಬ ಭರವಸೆಯಿರುವ ಮನೆಯ ಹಿತ್ತಲಿನ ಉಪ್ಪಾಗೆ ಮರದ ಕೊಂಬೆಯನ್ನು ಯಾರೂ ಕಡಿಯುವುದಿಲ್ಲ.

ಬೆಳಕು ಕೊಟ್ಟವರ ಕತ್ತಲೆ

ಶರಾವತಿ ಕಣಿವೆಯ ಕಥೆಯನ್ನು ಈ ಸಭೆಯಲ್ಲಿ ಬಹಳ ವಿವರಿಸಬೇಕಾಗಿಲ್ಲ. ಜೋಗದಲ್ಲಿ 1948ರಲ್ಲಿ ವಿದ್ಯುತ್ ಉತ್ಪಾದನೆ ಆರಂಭವಾಯಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಿತು. ನಾಡಿಗೆ ಬೆಳಕು ಬಂದಿತು. ಕಣಿವೆಯ ಊರುಗಳು ಮುಳುಗಿದವು. ಮನೆಮಠ ಬಿಟ್ಟವರಿಗೆ ಸರ್ಕಾರವು ಕಾಡಿನ ನಡುವೆ ಜಾಗ ತೋರಿಸಿತು. ಜನರು ಕಾಡು ಕಡಿದು ಗದ್ದೆ ಮಾಡಿದರು. ಆದರೆ ದಾಖಲೆಯಲ್ಲಿ ಆ ನೆಲವು ಅರಣ್ಯವಾಗಿಯೇ ಉಳಿಯಿತು. 1980ರಲ್ಲಿ ಅರಣ್ಯ ಸಂರಕ್ಷಣಾ ಕಾಯಿದೆ ಬಂದ ಮೇಲೆ ಅರಣ್ಯವನ್ನು ಬಿಡುಗಡೆ ಮಾಡಲು ಕೇಂದ್ರದ ಪೂರ್ವಾನುಮತಿ ಅಗತ್ಯವಾಯಿತು. ಅದನ್ನು ಪಡೆಯದೆ ರಾಜ್ಯ ಸರ್ಕಾರವು ಮುಂದೆ ಹೊರಡಿಸಿದ ಬಿಡುಗಡೆ ಆದೇಶಗಳು 2021ರಲ್ಲಿ ಉಚ್ಚ ನ್ಯಾಯಾಲಯದಲ್ಲಿ ನಿಲ್ಲಲಿಲ್ಲ. ಸರ್ಕಾರವೇ ಕೈಹಿಡಿದು ಕರೆತಂದು ಕೂರಿಸಿದ ಕುಟುಂಬದ ಮೊಮ್ಮಗನು ಸರ್ಕಾರದ ಕಡತದಲ್ಲಿ ಒತ್ತುವರಿದಾರನಾದನು.

ಹಿನ್ನೀರಿನಾಚೆಯ ತುಮರಿ ಭಾಗದ ಜನರಿಗೆ ತಾಲ್ಲೂಕು ಕೇಂದ್ರವಾದ ಸಾಗರವನ್ನು ತಲುಪಲು ಅಂಬಾರಗೋಡ್ಲು–ಕಳಸವಳ್ಳಿ ನಡುವಿನ ಲಾಂಚ್ ದಶಕಗಳ ಕಾಲ ಆಸರೆಯಾಗಿತ್ತು. ಸಂಜೆಯ ಕೊನೆಯ ಲಾಂಚ್ ಹೊರಟ ಮೇಲೆ ಹೆರಿಗೆ ನೋವು ಬಂದರೆ, ಹಾವು ಕಚ್ಚಿದರೆ ಏನು ಗತಿಯೆಂಬ ಪ್ರಶ್ನೆಯೊಂದಿಗೆ ಎರಡು ತಲೆಮಾರುಗಳು ಬದುಕಿದವು. ಬೇಸಗೆಯಲ್ಲಿ ನೀರು ಇಳಿದರೆ ವಾಹನಗಳನ್ನು ಹತ್ತಿಸುವುದು ನಿಲ್ಲುತ್ತಿತ್ತು. ಸುಮಾರು 2.44 ಕಿಲೋಮೀಟರ್ ಉದ್ದದ ಸೇತುವೆಯು 2025ರ ಜುಲೈ 14ರಂದು ಉದ್ಘಾಟನೆಯಾಯಿತು. ಅಣೆಕಟ್ಟು ಮತ್ತು ಸೇತುವೆಗಳ ನಡುವೆ ಅರವತ್ತೊಂದು ವರ್ಷಗಳ ಅಂತರವಿದೆ. ಕಣಿವೆಯ ಜನರು ಪ್ರತಿಯೊಂದು ಹೊಸ ಯೋಜನೆಯನ್ನು ಸಂಶಯದಿಂದ ನೋಡುವುದೇಕೆ ಎಂದು ಅಧಿಕಾರಿಗಳು ಆಗಾಗ ಕೇಳುತ್ತಾರೆ. ಉತ್ತರವು ಈ ಅರವತ್ತೊಂದು ವರ್ಷಗಳಲ್ಲಿದೆ.

ಪ್ರತಿಭಟನೆಯಿಂದ ಪಾಲುದಾರಿಕೆಗೆ

1983ರ ಸೆಪ್ಟೆಂಬರಿನಲ್ಲಿ ಶಿರಸಿ ಸಮೀಪದ ಸಾಲ್ಕಣಿಯ ಜನರು ಕಡಿತಕ್ಕೆ ಗುರುತು ಹಾಕಿದ ಮರಗಳನ್ನು ಅಪ್ಪಿಕೊಂಡರು. 1984ರಲ್ಲಿ ಸರ್ಕಾರವು ಖಾಸಗಿ ಉದ್ಯಮದೊಡನೆ ಕೂಡಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಕಂಪನಿಯನ್ನು ಸ್ಥಾಪಿಸಿ, ಊರವರ ಬಳಕೆಯ ಗೋಮಾಳ, ಬೆಟ್ಟಗಳಂತಹ ಸುಮಾರು 75,000 ಎಕರೆ ಭೂಮಿಯಲ್ಲಿ ನೀಲಗಿರಿ ಬೆಳೆಸಲು ಹೊರಟಿತು. 1986ರಲ್ಲಿ ಶಿವರಾಮ ಕಾರಂತರೂ ಸೇರಿದಂತೆ ಹಲವರು ಸರ್ವೋಚ್ಚ ನ್ಯಾಯಾಲಯದ ಮೊರೆ ಹೊಕ್ಕರು. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ‘ಕಿತ್ತಿಕೊ-ಹಚ್ಚಿಕೊ’ ಸತ್ಯಾಗ್ರಹ ನಡೆಯಿತು. ಜನರು ನೀಲಗಿರಿ ಸಸಿಗಳನ್ನು ಕಿತ್ತು, ತಮಗೆ ಬೇಕಾದ ಜಾತಿಯ ಸಸಿಗಳನ್ನು ಅಲ್ಲಿಯೇ ನೆಟ್ಟರು. ಕೀಳುವುದಕ್ಕಿಂತ ನೆಡುವುದು ಆ ಸತ್ಯಾಗ್ರಹದ ಮುಖ್ಯ ಭಾಗವಾಗಿತ್ತು. 1991ರಲ್ಲಿ ಕಂಪನಿಯನ್ನು ಮುಚ್ಚಲು ಸರ್ಕಾರವು ನಿರ್ಧರಿಸಿತು.

ಈ ಒತ್ತಡಗಳ ಫಲವಾಗಿ ನೀತಿಯ ಭಾಷೆ ಬದಲಾಯಿತು. 1988ರ ರಾಷ್ಟ್ರೀಯ ಅರಣ್ಯ ನೀತಿಯು ಜನರ ಅಗತ್ಯಗಳಿಗೆ ಸ್ಥಾನ ಕೊಟ್ಟಿತು. ಬ್ರಿಟಿಷ್ ನೆರವಿನ ಪಶ್ಚಿಮ ಘಟ್ಟ ಅರಣ್ಯ ಯೋಜನೆಯು 1991ರಲ್ಲಿ ಉತ್ತರ ಕನ್ನಡದಲ್ಲಿ ಆರಂಭವಾಯಿತು. 1993ರಲ್ಲಿ ಜಂಟಿ ಅರಣ್ಯ ಯೋಜನೆ ಮತ್ತು ನಿರ್ವಹಣೆಯ ಆದೇಶ ಬಂದು ಗ್ರಾಮ ಅರಣ್ಯ ಸಮಿತಿಗಳು ಹುಟ್ಟಿಕೊಂಡವು. ಹಲವು ಊರುಗಳಲ್ಲಿ ಮೊದಲ ಬಾರಿಗೆ ಫಾರೆಸ್ಟರು ಮತ್ತು ಊರವರು ಒಂದೇ ಚಾಪೆಯ ಮೇಲೆ ಕುಳಿತರು. ಅದು ಸಣ್ಣ ಸಂಗತಿಯಲ್ಲ.

ಆದರೆ ಸಮಿತಿಯ ಕಾರ್ಯದರ್ಶಿ ಇಲಾಖೆಯ ನೌಕರನೇ. ಬ್ಯಾಂಕಿನ ಖಾತೆಗೆ ಅವನ ಸಹಿಯೂ ಬೇಕು. ಆದೇಶವು ಆರಂಭದಲ್ಲಿ ಅನ್ವಯವಾದದ್ದು ಹಸಿರು ಹೊದಿಕೆಯು ನಾಲ್ಕನೇ ಒಂದು ಭಾಗಕ್ಕಿಂತ ಕಡಿಮೆಯಿರುವ ಕಾಡುಗಳಿಗೆ ಮಾತ್ರ. ಅಂದರೆ ಹಾಳಾದ ಕಾಡಿಗೆ ಊರು ಪಾಲುದಾರ, ಒಳ್ಳೆಯ ಕಾಡಿಗೆ ಅಲ್ಲ. ಚೆನ್ನಾಗಿ ಕಾಯ್ದುಕೊಂಡ ಊರಿಗೆ ಪಾಲಿಲ್ಲ, ಕೆಡಿಸಿಕೊಂಡ ಊರಿಗೆ ಪಾಲುಂಟು ಎಂಬ ವಿಚಿತ್ರ ನ್ಯಾಯ ಇದು. ನೆಡುತೋಪಿನ ಕೂಲಿ ನಿಂತಾಗ ಅನೇಕ ಸಮಿತಿಗಳೂ ನಿಂತವು. ಯಾವ ಸಮಿತಿಯು ಊರಿನ ಸ್ವಂತ ನಿರ್ಣಯದಿಂದ ನಡೆಯಿತೋ ಅದು ಉಳಿಯಿತು. ಯಾವುದು ಯೋಜನೆಯ ಹಣದಿಂದ ನಡೆಯಿತೋ ಅದು ಹಣದೊಂದಿಗೆ ಹೋಯಿತು.

ಕಾನೂನು ಬಂದಿದೆ, ನಂಬಿಕೆ ಬಂದಿಲ್ಲ

2006ರ ಅರಣ್ಯ ಹಕ್ಕು ಕಾಯಿದೆಯು ಸವಲತ್ತಿನ ಭಾಷೆಯನ್ನು ಬಿಟ್ಟು ಹಕ್ಕಿನ ಭಾಷೆಯನ್ನು ಬಳಸಿದ ಕಾನೂನು. ಹಿಂದೆ ನಡೆದುದು ಐತಿಹಾಸಿಕ ಅನ್ಯಾಯವೆಂದು ಅದು ತನ್ನ ಪ್ರಸ್ತಾವನೆಯಲ್ಲಿಯೇ ಒಪ್ಪಿಕೊಂಡಿತು. ಕಿರು ಅರಣ್ಯ ಉತ್ಪನ್ನಗಳ ಒಡೆತನ, ಸಮುದಾಯದ ಕಾಡನ್ನು ಕಾಯುವ ಅಧಿಕಾರ, ಹಕ್ಕು ನಿರ್ಣಯವನ್ನು ಆರಂಭಿಸುವ ಅಧಿಕಾರ ಗ್ರಾಮಸಭೆಗೆ, ಇವೆಲ್ಲವೂ ಅದರಲ್ಲಿವೆ. 2008ರ ಜನವರಿಯಲ್ಲಿ ನಿಯಮಗಳು ಬಂದವು, 2012ರಲ್ಲಿ ತಿದ್ದುಪಡಿಯಾದವು.

ಜಾರಿಯ ಹಂತದಲ್ಲಿ ಹಳೆಯ ಊಹೆಯೇ ಮರಳಿ ಬಂದಿತು. ಪರಿಶಿಷ್ಟ ಪಂಗಡಕ್ಕೆ ಸೇರದ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಮುನ್ನ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿ ವಾಸವಾಗಿದ್ದುದನ್ನು ತೋರಿಸಬೇಕು. 1930ರ ಕಾಗದವು ಮಲೆನಾಡಿನ ಕೂಲಿಕಾರನ ಮನೆಯಲ್ಲಿ ಎಲ್ಲಿಂದ ಬರಬೇಕು? ಅದನ್ನು ಅರಿತೇ ನಿಯಮವು ಹಿರಿಯರ ಲಿಖಿತ ಹೇಳಿಕೆ, ಹಳೆಯ ಬಾವಿ, ಸಮಾಧಿ, ದೇವರ ಕಟ್ಟೆ ಮೊದಲಾದವುಗಳನ್ನೂ ಸಾಕ್ಷ್ಯವೆಂದು ಒಪ್ಪುತ್ತದೆ. ಇಂಥದೇ ದಾಖಲೆ ಬೇಕೆಂದು ಪಟ್ಟುಹಿಡಿಯಬಾರದೆಂದು 2012ರ ತಿದ್ದುಪಡಿ ಸ್ಪಷ್ಟವಾಗಿ ಹೇಳುತ್ತದೆ. ಆದರೂ ಅರ್ಜಿಗಳು ದೊಡ್ಡ ಸಂಖ್ಯೆಯಲ್ಲಿ ತಿರಸ್ಕೃತವಾದವು. 2019ರ ಫೆಬ್ರವರಿ 13ರಂದು ತಿರಸ್ಕೃತ ಅರ್ಜಿದಾರರನ್ನು ತೆರವುಗೊಳಿಸುವ ಆದೇಶ ಸರ್ವೋಚ್ಚ ನ್ಯಾಯಾಲಯದಿಂದ ಬಂದಾಗ ಸಾವಿರಾರು ಮನೆಗಳಲ್ಲಿ ನಿದ್ರೆ ಇರಲಿಲ್ಲ. ಅದೇ ತಿಂಗಳ 28ರಂದು ಆ ಆದೇಶಕ್ಕೆ ತಡೆ ದೊರೆಯಿತು.

ಇದೇ ಕಾನೂನು ಬೇರೆ ರೀತಿಯಲ್ಲಿ ನಡೆದ ನಿದರ್ಶನವೂ ನಮ್ಮ ರಾಜ್ಯದಲ್ಲಿಯೇ ಇದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಜೇನು, ನೆಲ್ಲಿ, ಪಾಚಿ ಸಂಗ್ರಹಿಸಿ ಬದುಕುತ್ತಿದ್ದವರು. ವನ್ಯಜೀವಿ ಕಾಯಿದೆಗೆ 2002ರಲ್ಲಿ ತಿದ್ದುಪಡಿಯಾದ ನಂತರ ಅವರ ಮಾರಾಟದ ಸಂಗ್ರಹಕ್ಕೆ ತಡೆ ಬಿದ್ದಿತು. 2011ರಲ್ಲಿ ಆ ಬೆಟ್ಟವು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅಲ್ಲಿನ ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕುಗಳೂ ಮಾನ್ಯವಾದವು. ಹುಲಿ ಇರುವ ಕಾಡಿನಲ್ಲಿಯೇ ಜನರ ಹಕ್ಕೂ ಇರಬಲ್ಲುದೆಂದು ಕಡತದ ಮೇಲೆ ಒಪ್ಪಿಗೆಯಾದದ್ದು ದೊಡ್ಡ ಮಾತು. ಬೆಂಕಿಯನ್ನು ಸಂಪೂರ್ಣ ನಿಲ್ಲಿಸಿದ ಮೇಲೆ ಲಂಟಾನ ಹಬ್ಬಿತೆಂದು ಸೋಲಿಗರು ಹೇಳುವುದನ್ನು ವಿಜ್ಞಾನಿಗಳೂ ಗಂಭೀರವಾಗಿ ಪರಿಗಣಿಸಿದ್ದಾರೆ. ಬಿದಿರಿನ ಮುಳ್ಳಿನ ಪಾಠವು ಅಲ್ಲಿಯೂ ಮರುಕಳಿಸಿದೆ.

ತಿಳಿಸದೆ ಮಾಡಿದ ನೀತಿ

ಪಶ್ಚಿಮ ಘಟ್ಟ ಪರಿಸರ ತಜ್ಞರ ಸಮಿತಿಯು ಗಾಡ್ಗೀಳರ ಅಧ್ಯಕ್ಷತೆಯಲ್ಲಿ 2011ರಲ್ಲಿ ವರದಿ ಸಲ್ಲಿಸಿತು. ಅದು ಪ್ರಕಟವಾದದ್ದು 2012ರ ಮೇ ತಿಂಗಳಿನಲ್ಲಿ, ಅದೂ ಮಾಹಿತಿ ಹಕ್ಕಿನ ಹೋರಾಟದ ನಂತರ. ಗ್ರಾಮಸಭೆಗಳಲ್ಲಿ ಚರ್ಚೆಯಾಗಬೇಕೆಂಬುದೇ ಆ ವರದಿಯ ತಿರುಳಾಗಿತ್ತು. ಆದರೆ ಗ್ರಾಮಸಭೆಗಳಿಗೆ ಅವರ ಭಾಷೆಯಲ್ಲಿ ಅದನ್ನು ತಲುಪಿಸುವ ಕೆಲಸ ಸಕಾಲದಲ್ಲಿ ಆಗಲಿಲ್ಲ. 2013ರಲ್ಲಿ ಕಸ್ತೂರಿರಂಗನ್ ವರದಿ ಬಂದಿತು. 2014ರಿಂದ ಕರಡು ಅಧಿಸೂಚನೆಗಳು ಒಂದರ ಹಿಂದೊಂದರಂತೆ ಬಂದವು. ಆರನೆಯ ಕರಡು 2024ರ ಜುಲೈ 31ರದು. ಅದೇ ವರ್ಷ ರಾಜ್ಯ ಸಚಿವ ಸಂಪುಟವು ವರದಿಯನ್ನು ತಿರಸ್ಕರಿಸಿತು.

ಈ ನಡುವೆ ಊರಿಗೆ ತಲುಪಿದ್ದು ವರದಿಯಲ್ಲ, ವದಂತಿ. ಮನೆಗೆ ಬಣ್ಣ ಬಳಿಯುವಂತಿಲ್ಲ, ದನ ಸಾಕುವಂತಿಲ್ಲ, ಊರನ್ನೇ ಎಬ್ಬಿಸುತ್ತಾರೆ ಎಂಬ ಮಾತುಗಳು ಹರಡಿದವು. ಮಾಹಿತಿಯನ್ನು ತಡೆಹಿಡಿದವರು ಯಾರು, ವದಂತಿಯಿಂದ ಲಾಭ ಪಡೆದವರು ಯಾರು ಎಂಬುದನ್ನು ಯೋಚಿಸಬೇಕು. ಗಣಿ ಮತ್ತು ಬಂಡೆ ಒಡೆಯುವ ಉದ್ಯಮಕ್ಕೆ ರೈತನ ಭಯವು ಗುರಾಣಿಯಾಯಿತು. ಆದರೆ ರೈತನು ಆ ಭಯವನ್ನು ನಂಬಿದ್ದೇಕೆ? 1987ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಮೊದಲ ಅಧಿಸೂಚನೆಯಾದ ಕುದುರೆಮುಖದಲ್ಲಿ ಕಾಡಿನ ನಡುವಣ ಊರವರಿಗೆ ಸ್ಥಳಾಂತರದ ಮಾತು, ಅದೇ ಬೆಟ್ಟದ ಕಬ್ಬಿಣದ ಗಣಿಗೆ 2005ರ ಕೊನೆಯವರೆಗೂ ಅವಕಾಶ. ಇಂತಹ ಎರಡಳತೆಯನ್ನು ಕಂಡವರಿಗೆ ಸಂರಕ್ಷಣೆಯೆಂಬ ಪದವೇ ಬೆದರಿಕೆಯಾಗಿ ಕೇಳಿಸಿದರೆ ಆಶ್ಚರ್ಯವಿಲ್ಲ. ಇದರಿಂದ ನಷ್ಟವಾದದ್ದು ಘಟ್ಟಕ್ಕೆ. ಕಾಡಿನ ಸಹಜ ಮಿತ್ರರಾಗಬೇಕಾದವರು ಕಾಡಿನ ಕಾನೂನಿನ ವಿರೋಧಿಗಳಾಗಿ ನಿಂತರು.

ಮುಂದಿನ ಕೆಲಸ

ಇಷ್ಟೆಲ್ಲವನ್ನು ಹೇಳಿದ ಮೇಲೆ ಮಾಡಬೇಕಾದುದೇನು ಎಂಬುದನ್ನು ಸಂಕ್ಷೇಪವಾಗಿ ಹೇಳಬಹುದು.

ಸರ್ಕಾರವು ಮಾಡಬೇಕಾದ ಮೊದಲ ಕೆಲಸವೆಂದರೆ ಊರಿಗೆ ಸಂಬಂಧಿಸಿದ ಪ್ರತಿಯೊಂದು ಅಧಿಸೂಚನೆಯನ್ನು ಕನ್ನಡದಲ್ಲಿ, ನಕ್ಷೆಯ ಸಮೇತ, ನಿರ್ಣಯಕ್ಕೆ ಮುನ್ನ ಗ್ರಾಮಸಭೆಯ ಮುಂದಿಡುವುದು. ಎರಡನೆಯದು, ಸೊಪ್ಪಿನಬೆಟ್ಟ, ಬಾಣೆ, ಕುಮ್ಕಿ, ಕಾನುಗಳ ಗೊಂದಲವನ್ನು ಹಕ್ಕು ಮತ್ತು ಹೊಣೆ ಎರಡೂ ಕೂಡಿದ ಸ್ಪಷ್ಟ ನಿಯಮದಿಂದ ಬಗೆಹರಿಸುವುದು. ಬೆಟ್ಟವನ್ನು ಮಾರಿಕೊಳ್ಳುವ, ಕಾಫಿ ರಬ್ಬರು ತೋಟವಾಗಿ ಮಾರ್ಪಡಿಸುವ ಹಕ್ಕು ಬೇಕಾಗಿಲ್ಲ. ಕಾಯುವ, ನೆಡುವ, ಬಳಸುವ, ಮುಂದಿನವರಿಗೆ ಬಿಡುವ ಹಕ್ಕು ಬೇಕು.

ಊರು ಮಾಡಬೇಕಾದುದೂ ಕಡಿಮೆಯಿಲ್ಲ. ಗ್ರಾಮಸಭೆಯು ಫಲಾನುಭವಿಗಳ ಪಟ್ಟಿಗೆ ಸಹಿ ಹಾಕುವ ಸಭೆಯಾಗಿ ಉಳಿದರೆ ಯಾವ ಕಾನೂನೂ ಪ್ರಯೋಜನಕ್ಕೆ ಬಾರದು. ಅರಣ್ಯ ಹಕ್ಕಿನ ಗ್ರಾಮಸಭೆಯಲ್ಲಿ ಅರ್ಧದಷ್ಟು ಸದಸ್ಯರೂ, ಹಾಜರಾದವರಲ್ಲಿ ಮೂರನೇ ಒಂದರಷ್ಟು ಮಹಿಳೆಯರೂ ಇರಬೇಕೆಂದು ನಿಯಮವಿದೆ. ಸೌದೆ ತರುವವರು ಮಹಿಳೆಯರು. ಸೌದೆಯ ನಿಯಮ ಮಾಡುವಾಗ ಅವರು ಹಿಂದಿನ ಸಾಲಿನಲ್ಲಿರಬಾರದು. ತೋಟವಿಲ್ಲದವರ ಸೌದೆ, ಮೇವು, ಜೇನಿನ ಪಾಲನ್ನು ಮೊದಲು ನಿರ್ಣಯಿಸಿ ಆನಂತರ ತೋಟದವರ ಸೊಪ್ಪಿನ ಮಾತಾಡುವ ಊರಿಗೆ ಸರ್ಕಾರದ ಮುಂದೆ ನಿಲ್ಲುವ ನೈತಿಕ ಬಲವಿರುತ್ತದೆ. ತನ್ನೊಳಗೆ ನ್ಯಾಯವಿಲ್ಲದ ಊರು ಹೊರಗಿನಿಂದ ನ್ಯಾಯವನ್ನು ಕೇಳಲಾರದು.

ವಿದ್ಯಾರ್ಥಿಗಳಿಗೆ ಒಂದು ನಿರ್ದಿಷ್ಟ ಕೆಲಸವಿದೆ, ಮತ್ತು ಅದಕ್ಕೆ ಹೆಚ್ಚು ಸಮಯವಿಲ್ಲ. ಊರಿನ ಹಿರಿಯರ ನೆನಪೇ ಅರಣ್ಯ ಹಕ್ಕಿನ ಸಾಕ್ಷ್ಯ. ಎಂಬತ್ತು ದಾಟಿದ ಅಜ್ಜಿಯು ಯಾವ ಕೆರೆಯ ಏರಿ ಯಾರ ಕಾಲದಲ್ಲಿ ಕಟ್ಟಿತು, ಯಾವ ಕಾನಿನಲ್ಲಿ ಮೆಣಸು ಕೊಯ್ಯುತ್ತಿದ್ದರು, ಮುಳುಗಡೆಯ ಮುನ್ನ ಮನೆ ಎಲ್ಲಿತ್ತು ಎಂಬುದನ್ನು ಬಲ್ಲಳು. ಪ್ರತಿ ಮಳೆಗಾಲವೂ ಇಂತಹ ಕೆಲವು ಸಾಕ್ಷಿಗಳನ್ನು ಕರೆದೊಯ್ಯುತ್ತದೆ. ಒಂದು ನೋಟುಪುಸ್ತಕ, ಒಂದು ಕೈನಕ್ಷೆ, ದಿನಾಂಕ ಮತ್ತು ಹೆಬ್ಬೆಟ್ಟು ಅಥವಾ ಸಹಿ ಇಷ್ಟು ಸಾಕು. ಬೆಟ್ಟದಿಂದ ವರ್ಷಕ್ಕೆ ಎಷ್ಟು ಹೊರೆ ಸೊಪ್ಪು ಬರುತ್ತದೆ, ಎಷ್ಟು ಹೊಸ ಸಸಿ ಹುಟ್ಟುತ್ತಿದೆ ಎಂಬುದನ್ನು ಎಣಿಸಿ ಬರೆದಿಟ್ಟರೆ, ನಾಳೆ ಬೆಟ್ಟ ಹಾಳಾಯಿತೆಂದು ಯಾರಾದರೂ ಹೇಳಿದಾಗ ಊರಿನ ಬಳಿ ಕೂಗಿಗೆ ಬದಲಾಗಿ ಲೆಕ್ಕವಿರುತ್ತದೆ.

ಇಲಾಖೆಯ ನೌಕರರ ಕುರಿತು ಒಂದು ಮಾತು. ಅರಣ್ಯ ರಕ್ಷಕನೂ ಬಹುಪಾಲು ಯಾವುದೋ ಹಳ್ಳಿಯ ರೈತನ ಮಗನೇ. ಬೇಸಗೆಯ ಬೆಂಕಿಯ ಮುಂದೆ ಹಸಿ ಸೊಪ್ಪಿನ ಕೊಂಬೆ ಹಿಡಿದು ಊರವರೊಡನೆ ನಿಂತು ಬೆಂಕಿ ಬಡಿದ ರಕ್ಷಕರನ್ನು ಮಲೆನಾಡು ಕಂಡಿದೆ. ಆ ಗಳಿಗೆಯಲ್ಲಿ ಕಾಯುವವನು ಯಾರು, ಕಾಯಲ್ಪಡಬೇಕಾದವನು ಯಾರು ಎಂಬ ಭೇದವಿರುವುದಿಲ್ಲ. ಬೆಂಕಿ ಆರಿದ ಮೇಲೆಯೂ ಆ ಸಂಬಂಧವು ಉಳಿಯುವಂತಹ ಕಾನೂನು ಬೇಕು, ಅಂತಹ ಕಾನೂನಿಗೆ ತಕ್ಕ ಊರೂ ಬೇಕು. ಮೊದಲನೆಯದನ್ನು ಕೇಳುತ್ತಲೇ ಎರಡನೆಯದನ್ನು ಕಟ್ಟುವ ಕೆಲಸವು ಮುಂದಿನ ಗ್ರಾ­ಮಸಭೆಯಿಂದಲೇ ಆರಂಭವಾಗಲಿ.